ಉಪ್ಪುಪ್ರಿಯ ಜೀವಿಗಳ ‘ಹೆಚ್ಚುವರಿ’ ಉಂಗುರಗಳು



ಉಪ್ಪು ಹಾಕಿದ ಪದಾರ್ಥ ಬೇಗ ಕೆಡುವುದಿಲ್ಲ ಎಂಬುದು ನಿಮ್ಮೆಲ್ಲರ ಮನೆಯಲ್ಲೂ ಗೊತ್ತಿರುವ ಸಂಗತಿ. ಮಾವಿನ ಮಿಡಿ ಉಪ್ಪಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕರಾವಳಿಯವರು ಮಳೆಗಾಲಕ್ಕೆಂದು ಮೀನಿಗೆ ಉಪ್ಪು ಹಾಕಿ ಒಣಗಿಸಿ ಇಟ್ಟುಕೊಳ್ಳುತ್ತಾರೆ. ಹೆಚ್ಚಿನ ಉಪ್ಪು ಸೂಕ್ಷ್ಮಜೀವಿಗಳ ಮೈಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ; ನೀರಿಲ್ಲದೆ ಅವು ಬೆಳೆಯಲಾರವು. ಆದರೆ ಈ ನಿಯಮಕ್ಕೆ ಹೊರತಾದ ಜೀವಿಗಳೂ ಇವೆ. ಉಪ್ಪು ಕಡಿಮೆಯಾದರೆ ಸಾಯುವ, ಉಪ್ಪು ತುಂಬಿದ್ದರೇ ಚೆನ್ನಾಗಿ ಬೆಳೆಯುವ ಜೀವಿಗಳವು. ಅವುಗಳ ವಂಶವಾಹಿಗಳನ್ನು ಓದಲು ಹೊರಟ ವಿಜ್ಞಾನಿಗಳಿಗೆ, ಪಠ್ಯಪುಸ್ತಕದ ಒಂದು ವ್ಯಾಖ್ಯೆ ಸಾಲದೆಂಬುದು ನಿಧಾನವಾಗಿ ತಿಳಿದುಬಂದಿತು. ಆ ವ್ಯಾಖ್ಯೆ ‘ಪ್ಲಾಸ್ಮಿಡ್’ ಎಂಬುದರದು. ಅದು ತಿಳಿದುಬಂದ ಬಗೆಯೇ ಈ ಲೇಖನದ ವಸ್ತು.

ಕೆಂಪಾದ ಮೀನು, ಕೆಂಪಾದ ಚರ್ಮ

ಕಥೆ ಪ್ರಾರಂಭವಾಗುವುದು ಪ್ರಯೋಗಾಲಯದಲ್ಲಲ್ಲ, ವ್ಯಾಪಾರಿಗಳ ಗೋದಾಮಿನಲ್ಲಿ. ಯುರೋಪು ಮತ್ತು ಕೆನಡಾಗಳಲ್ಲಿ ಕಾಡ್ ಎಂಬ ಮೀನನ್ನು ಉಪ್ಪು ಹಾಕಿ ಒಣಗಿಸಿ ಮಾರುವುದು ದೊಡ್ಡ ಉದ್ಯಮವಾಗಿತ್ತು. ಬೇಸಿಗೆಯಲ್ಲಿ ಈ ಉಪ್ಪುಮೀನಿನ ಮೇಲೆ ಕೆಂಪು ಕಲೆಗಳು ಮೂಡಿ ಸರಕು ಹಾಳಾಗುತ್ತಿತ್ತು. ಉಪ್ಪು ಹಾಕಿದ ಹಸಿ ಚರ್ಮಗಳಿಗೂ ಇದೇ ಪಾಡು. ಜರ್ಮನಿಯ ಕ್ಲೇಬಾನ್ 1919ರಲ್ಲಿ ಮೀನಿನ ಈ ಕೆಂಪನ್ನು ಪರಿಶೀಲಿಸಿದರು. 1922ರಲ್ಲಿ ಕೆನಡಾದ ಹ್ಯಾರಿಸನ್ ಮತ್ತು ಕೆನಡಿ, 1934ರಲ್ಲಿ ಅದೇ ದೇಶದ ಲಾಕ್‌ಹೆಡ್ ಮೀನು ಮತ್ತು ಚರ್ಮಗಳಿಂದ ಇಂಥ ಜೀವಿಗಳನ್ನು ಬೇರ್ಪಡಿಸಿದರು. ಕೆಡದಂತೆ ಕಾಪಾಡಲೆಂದು ಹಾಕಿದ ಉಪ್ಪಿನಲ್ಲೇ ಕೆಡಿಸುವ ಜೀವಿ ಕುಳಿತಿತ್ತು!

ಅದು ಉಪ್ಪಿನೊಳಗೆ ಬರುವುದು ಹೇಗೆ? ಉತ್ತರ ಕನ್ನಡದ ಗೋಕರ್ಣದ ಬಳಿ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಅಲ್ಲಿ ಉಪ್ಪು ತಯಾರಾಗುವ ಕ್ರಮವನ್ನು ನೆನಪಿಸಿಕೊಳ್ಳಿ. ಸಮುದ್ರದ ನೀರಿನಲ್ಲಿ ಉಪ್ಪಿನ ಅಂಶ ಶೇಕಡಾ 3.5ರಷ್ಟು. ಅದನ್ನು ಚಿಕ್ಕ ಚಿಕ್ಕ ಗದ್ದೆಗಳಂಥ ಪಾತಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಬಿಟ್ಟರೆ ನೀರು ಆರುತ್ತಾ ಉಪ್ಪು ಗಟ್ಟಿಯಾಗುತ್ತದೆ. ಜಗತ್ತಿನಾದ್ಯಂತ ಇಂಥ ಪಾತಿಗಳಲ್ಲಿ, ಉಪ್ಪು ಹರಳುಗಟ್ಟುವ ಹಂತ ಬಂದಾಗ, ಉಪ್ಪುಪ್ರಿಯ ಜೀವಿಗಳು ಬೆಳೆದು ನೀರಿಗೆ ಗುಲಾಬಿ ಅಥವಾ ಕೆಂಪು ಬಣ್ಣ ಕೊಡುವುದುಂಟು. ಹರಳಿನೊಳಗಿನ ನೀರಹನಿಯಲ್ಲಿ ಸಿಕ್ಕಿಕೊಂಡ ಜೀವಿ ಉಪ್ಪಿನ ಚೀಲದೊಡನೆ ಪ್ರಯಾಣ ಮಾಡುತ್ತದೆ.

ಮೃತಸಮುದ್ರದ ನೀರಿನಲ್ಲಿ ಉಪ್ಪಿನ ಅಂಶ ಸಾಧಾರಣ ಸಮುದ್ರಕ್ಕಿಂತ ಸುಮಾರು ಹತ್ತು ಪಟ್ಟು. ಅಲ್ಲಿ ಜೀವವೇ ಇಲ್ಲವೆಂದು ಜನ ನಂಬಿದ್ದರು, ಹೆಸರೇ ಹಾಗಿದೆಯಲ್ಲ! ಬೆಂಜಮಿನ್ ವೋಲ್ಕಾನಿ ಎಂಬ ಯುವ ವಿಜ್ಞಾನಿ 1936ರಲ್ಲಿ ಅಲ್ಲೂ ಸೂಕ್ಷ್ಮಜೀವಿಗಳಿವೆ ಎಂದು ವರದಿ ಮಾಡಿದರು. ಮುಂದೆ ಮೃತಸಮುದ್ರದ ಒಂದು ಜೀವಿಗೆ ಅವರ ಹೆಸರನ್ನೇ ಇಟ್ಟರು. ಅದೇ ಹ್ಯಾಲೋಫೆರಾಕ್ಸ್ ವೋಲ್ಕಾನಿಯೈ.

ಮೀನು ಮತ್ತು ಚರ್ಮದ ಮೇಲೆ ಬೆಳೆಯುವ ಪ್ರಸಿದ್ಧ ಜೀವಿಯ ಹೆಸರು ಹ್ಯಾಲೋಬ್ಯಾಕ್ಟೀರಿಯಂ ಸಲಿನಾರಮ್. ಇದು ತನ್ನ ಜೀವಕೋಶದೊಳಗೆ ಪೊಟ್ಯಾಸಿಯಂ ಕ್ಲೋರೈಡನ್ನು ತುಂಬಿಕೊಂಡು ಹೊರಗಿನ ಉಪ್ಪಿಗೆ ಸರಿಸಾಟಿಯಾಗಿ ನಿಲ್ಲುತ್ತದೆ. ಸಿಹಿನೀರಿಗೆ ಹಾಕಿದರೆ ಒಡೆದುಹೋಗುತ್ತದೆ. ಹೆಸರಿನಲ್ಲಿ ‘ಬ್ಯಾಕ್ಟೀರಿಯಂ’ ಎಂದಿದ್ದರೂ ಇದು ನಿಜವಾದ ಬ್ಯಾಕ್ಟೀರಿಯಾ ಅಲ್ಲ. ಅಮೆರಿಕದ ಕಾರ್ಲ್ ವೋಸ್ 1977ರಲ್ಲಿ ಆರ್ಕಿಯಾ ಎಂಬ ಪ್ರತ್ಯೇಕ ಜೀವಸಮೂಹವನ್ನು ಗುರುತಿಸಿದರು. ಮರುವರ್ಷವೇ ಉಪ್ಪುಪ್ರಿಯ ಜೀವಿಗಳು ಈ ಸಮೂಹಕ್ಕೆ ಸೇರಿದವೆಂದು ಅವರ ತಂಡ ತೋರಿಸಿತು. ಹಳೆಯ ಹೆಸರು ಮಾತ್ರ ಹಾಗೇ ಉಳಿದಿದೆ. ಹೆಸರು ಒಂದು, ವಸ್ತು ಇನ್ನೊಂದು ಆಗುವುದಕ್ಕೆ ಇದು ಮೊದಲ ಉದಾಹರಣೆ. ಎರಡನೆಯದು ಇನ್ನೂ ಸ್ವಾರಸ್ಯವಾಗಿದೆ.

ಕೊಳವೆಯಲ್ಲಿ ಎರಡು ಪಟ್ಟೆಗಳು

ಡಿಎನ್‌ಎ ಎಂಬುದು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ ಎಂದು ನೀವು ಓದಿದ್ದೀರಿ. ಜಿ ಮತ್ತು ಸಿ ಹೆಚ್ಚಿರುವ ಡಿಎನ್‌ಎ ಸ್ವಲ್ಪ ಹೆಚ್ಚು ಸಾಂದ್ರವಾಗಿರುತ್ತದೆ. ಸೀಸಿಯಂ ಕ್ಲೋರೈಡ್ ಎಂಬ ಲವಣದ ದ್ರಾವಣದಲ್ಲಿ ಡಿಎನ್‌ಎಯನ್ನು ಹಾಕಿ ಬಹಳ ವೇಗವಾಗಿ ತಿರುಗಿಸಿದರೆ, ಅದು ತನ್ನ ಸಾಂದ್ರತೆಗೆ ತಕ್ಕ ಎತ್ತರದಲ್ಲಿ ಪಟ್ಟೆಯಾಗಿ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದು ಬ್ಯಾಕ್ಟೀರಿಯಾದಿಂದ ಒಂದೇ ಪಟ್ಟೆ ಬರಬೇಕು.

1963ರಲ್ಲಿ ಜೋಶಿ, ಗಿಲ್ಡ್ ಮತ್ತು ಹ್ಯಾಂಡ್ಲರ್ ಎಂಬ ಮೂವರು, ಕೆಲವು ಉಪ್ಪುಪ್ರಿಯ ಜೀವಿಗಳಲ್ಲಿ ಎರಡು ಪಟ್ಟೆಗಳು ಕಾಣುತ್ತವೆ ಎಂದು ಪ್ರಕಟಿಸಿದರು. 1969ರಲ್ಲಿ ಮೂರ್ ಮತ್ತು ಮೆಕಾರ್ಥಿ ಬೇರೆ ಬೇರೆ ತಳಿಗಳನ್ನು ಪರೀಕ್ಷಿಸಿ ಇದನ್ನು ವಿಸ್ತರಿಸಿದರು. ಮುಖ್ಯ ಪಟ್ಟೆಯ ಜೊತೆಗೆ ಹಗುರವಾದ ಇನ್ನೊಂದು ಪಟ್ಟೆ. ಅದರ ಪಾಲೂ ತೀರ ಚಿಕ್ಕದಲ್ಲ. ಈ ಎರಡನೆಯ ಡಿಎನ್‌ಎ ಏನು, ಎಲ್ಲಿಂದ ಬಂತು, ಅದರ ಕೆಲಸವೇನು? ಆಗ ಉತ್ತರವಿರಲಿಲ್ಲ.

ಇಲ್ಲಿ ಪ್ಲಾಸ್ಮಿಡ್ ಎಂಬ ಪದದ ಚರಿತ್ರೆಯನ್ನು ಸ್ವಲ್ಪ ನೋಡೋಣ. ಈ ಪದವನ್ನು 1952ರಲ್ಲಿ ಸೃಷ್ಟಿಸಿದವರು ಅಮೆರಿಕದ ಜೋಶುವಾ ಲೆಡರ್‌ಬರ್ಗ್. ವರ್ಣತಂತುವಿನ ಹೊರಗೆ ಇದ್ದು ವಂಶಪಾರಂಪರ್ಯವಾಗಿ ಸಾಗುವ ಯಾವುದೇ ಅಂಶಕ್ಕೂ ಅವರು ಈ ಹೆಸರು ಕೊಟ್ಟರು. ಅದು ಚಿಕ್ಕದಿರಬೇಕು ಎಂದಾಗಲಿ, ಇಲ್ಲದಿದ್ದರೂ ನಡೆಯುತ್ತದೆ ಎಂದಾಗಲಿ ಆ ಪದದಲ್ಲಿ ಇರಲಿಲ್ಲ. ಆಮೇಲೆ ಔಷಧಗಳಿಗೆ ಬಗ್ಗದ ಗುಣವನ್ನು ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ಸಾಗಿಸುವ ಪ್ಲಾಸ್ಮಿಡ್‌ಗಳು ಪತ್ತೆಯಾದವು. 1973ರಲ್ಲಿ ಕೋಹೆನ್ ಮತ್ತು ಬೋಯರ್ ಪ್ಲಾಸ್ಮಿಡ್ಡನ್ನು ವಾಹನವಾಗಿ ಬಳಸಿ ಬೇರೆ ಜೀವಿಯ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಕ್ಕೆ ಸೇರಿಸುವ ವಿಧಾನ ತೋರಿಸಿದರು. 1977ರಲ್ಲಿ ಬಂದ ಪಿಬಿಆರ್ 322 ಎಂಬ ಪ್ಲಾಸ್ಮಿಡ್ ಪ್ರಪಂಚದ ಪ್ರಯೋಗಾಲಯಗಳಿಗೆಲ್ಲ ಹೋಯಿತು. ಅದರಲ್ಲಿರುವುದು 4,361 ಅಕ್ಷರ ಜೋಡಿಗಳು ಮಾತ್ರ.

ಹೀಗೆ ಕೈಗೆ ಹತ್ತಿದ ಪ್ಲಾಸ್ಮಿಡ್‌ಗಳೆಲ್ಲ ಚಿಕ್ಕವು, ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯಬಹುದಾದವು. ಆದ್ದರಿಂದ ನಾವು ಬಿ.ಎಸ್‌ಸಿ. ತರಗತಿಯಲ್ಲಿ ಓದಿದ ವ್ಯಾಖ್ಯೆ ಹೀಗಿತ್ತು: ‘ಪ್ಲಾಸ್ಮಿಡ್ ಎಂದರೆ ವರ್ಣತಂತುವಿನಿಂದ ಬೇರೆಯಾಗಿದ್ದು, ತಾನಾಗಿಯೇ ದ್ವಿಗುಣಗೊಳ್ಳುವ, ಉಂಗುರಾಕಾರದ ಚಿಕ್ಕ ಡಿಎನ್‌ಎ, ಅದು ಇಲ್ಲದಿದ್ದರೂ ಜೀವಿ ಬದುಕಬಲ್ಲದು.’ ನೀವೂ ಇಂಥದೇ ವಾಕ್ಯವನ್ನು ಓದಿರಬಹುದು. ಈ ವ್ಯಾಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದೆ ಓದಿ.

ನೂರಕ್ಕೆ ಒಂದು

ಹ್ಯಾಲೋಬ್ಯಾಕ್ಟೀರಿಯಂ ಜೀವಿಯೊಳಗೆ ಅನಿಲ ತುಂಬಿದ ಪುಟ್ಟ ಕೋಶಿಕೆಗಳಿರುತ್ತವೆ. ಅವುಗಳ ಗೋಡೆ ಬರೀ ಪ್ರೋಟೀನಿನದು. ಗಟ್ಟಿ ಉಪ್ಪುನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ ಕರಗುತ್ತದೆ. ಈಜುಗಾರ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡಂತೆ, ಈ ಅನಿಲಕೋಶಿಕೆಗಳ ಸಹಾಯದಿಂದ ಜೀವಿ ಗಾಳಿ ಬೆಳಕುಗಳಿರುವ ಮೇಲ್ಮೈಗೆ ತೇಲಿ ಬರುತ್ತದೆ. ತಟ್ಟೆಯಲ್ಲಿ ಬೆಳೆಸಿದಾಗ ಕೋಶಿಕೆಗಳಿರುವ ಗುಂಪುಗಳು ಮಸುಕು ಗುಲಾಬಿಯಾಗಿಯೂ, ಇಲ್ಲದವು ಪಾರದರ್ಶಕ ಕೆಂಪಾಗಿಯೂ ಕಾಣುತ್ತವೆ. ಬರಿಗಣ್ಣಿಗೇ ವ್ಯತ್ಯಾಸ ತಿಳಿಯುತ್ತದೆ.

1978ರಲ್ಲಿ ರಾಬರ್ಟ್ ಸೈಮನ್, ಈ ತೇಲುವ ಗುಣಕ್ಕೂ ಒಂದು ಪ್ಲಾಸ್ಮಿಡ್ಡಿಗೂ ಸಂಬಂಧವಿದೆ ಎಂದು ತೋರಿಸಿದರು. ಮರುವರ್ಷ ಜರ್ಮನಿಯಲ್ಲಿ ವೈಡಿಂಗರ್, ಕ್ಲೋಟ್ಸ್ ಮತ್ತು ಗೋಬೆಲ್ ಅವರು, ಅನಿಲಕೋಶಿಕೆಯ ಮಾಹಿತಿಯನ್ನು ಹೊತ್ತ ದೊಡ್ಡ ಪ್ಲಾಸ್ಮಿಡ್ಡನ್ನು ವಿವರಿಸಿದರು. ಎರಡನೆಯ ಪಟ್ಟೆಯ ರಹಸ್ಯ ಬಿಚ್ಚತೊಡಗಿತು.

1981ರಲ್ಲಿ ಫೈಫರ್ ಮತ್ತು ಸಂಗಡಿಗರು ಒಂದು ಎಣಿಕೆ ಮಾಡಿದರು. ಅನಿಲಕೋಶಿಕೆಯ ಗುಣ ಸುಮಾರು ನೂರರಲ್ಲಿ ಒಂದು ಜೀವಿಯಲ್ಲಿ ಕಳೆದುಹೋಗುತ್ತಿತ್ತು. ಬೆಳಕಿನಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ನೇರಳೆ ಪ್ರೋಟೀನು ಸುಮಾರು ಹತ್ತು ಸಾವಿರದಲ್ಲಿ ಒಂದರಲ್ಲಿ ಕೆಡುತ್ತಿತ್ತು. ಸಾಧಾರಣ ಬ್ಯಾಕ್ಟೀರಿಯಾಗಳಲ್ಲಿ ಒಂದು ವಂಶವಾಹಿ ತಾನಾಗಿ ಕೆಡುವುದು ಹತ್ತು ಲಕ್ಷಕ್ಕೆ ಒಂದರ ಆಸುಪಾಸು, ಅಥವಾ ಅದಕ್ಕೂ ಕಡಿಮೆ. ಇಷ್ಟು ಚಂಚಲವಾದ ಜೀವಿ ಸಾವಿರಾರು ವರ್ಷ ಬಾಳಿದ್ದಾದರೂ ಹೇಗೆ?

ಉತ್ತರದ ಒಂದು ಭಾಗ ಬಂದದ್ದು ನಮ್ಮ ದೇಶದವರೇ ಆದ ಹರ್ ಗೋವಿಂದ ಖುರಾನಾ ಅವರ ಪ್ರಯೋಗಾಲಯದಿಂದ. ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ ಹುಟ್ಟಿದ ಖುರಾನಾ 1968ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಮುಂದೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಅವರು ಈ ನೇರಳೆ ಪ್ರೋಟೀನಿನ ಅಧ್ಯಯನಕ್ಕೆ ತೊಡಗಿದ್ದರು. 1982 ಮತ್ತು 1983ರಲ್ಲಿ ಶಿಲಾದಿತ್ಯ ದಾಸ್‌ಶರ್ಮ, ಉತ್ತಮ್ ರಾಜಭಂಡಾರಿ ಮೊದಲಾದವರೊಡನೆ ಪ್ರಕಟಿಸಿದ ಪ್ರಬಂಧಗಳಲ್ಲಿ ಕಾರಣ ಸ್ಪಷ್ಟವಾಯಿತು. ಡಿಎನ್‌ಎಯ ಕೆಲವು ಚಿಕ್ಕ ತುಣುಕುಗಳು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತವೆ. ವಂಶವಾಹಿಯ ನಡುವೆ ಹೋಗಿ ಕೂತರೆ ಅದು ಕೆಡುತ್ತದೆ. ಇಂಥ ಜಿಗಿಯುವ ತುಣುಕುಗಳನ್ನು ಮೆಕ್ಕೆಜೋಳದಲ್ಲಿ ಮೊದಲು ಕಂಡ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ ನೊಬೆಲ್ ಬಂದದ್ದೂ 1983ರಲ್ಲೇ. ಉಪ್ಪುಪ್ರಿಯ ಜೀವಿಯ ಪ್ಲಾಸ್ಮಿಡ್‌ಗಳಲ್ಲಿ ಈ ತುಣುಕುಗಳು ಕಿಕ್ಕಿರಿದಿವೆ. ಅನಿಲಕೋಶಿಕೆಯ ವಂಶವಾಹಿಗಳು ಅಲ್ಲಿಯೇ ಇರುವುದರಿಂದ ಅವು ಅಷ್ಟು ಬೇಗ ಕೆಡುತ್ತವೆ. ಜಿಗಿದಾಟದ ಪೆಟ್ಟಿನ ಬಹುಪಾಲು ಬೀಳುವುದು ಪ್ಲಾಸ್ಮಿಡ್ಡಿನ ಮೇಲೆ. ವರ್ಣತಂತು ಬಹುಮಟ್ಟಿಗೆ ಸ್ಥಿರವಾಗಿ ಉಳಿಯುತ್ತದೆ.

ಅಳೆದು ನೋಡಿದಾಗ

ದೊಡ್ಡ ಡಿಎನ್‌ಎ ಉಂಗುರವನ್ನು ಹೊರತೆಗೆಯುವುದು ಸುಲಭವಲ್ಲ. ಹೀರುಗೊಳವೆಯಲ್ಲಿ ಎಳೆದರೂ ಸಾಕು, ತುಂಡಾಗುತ್ತದೆ. 1984ರಲ್ಲಿ ಶ್ವಾರ್ಟ್ಸ್ ಮತ್ತು ಕ್ಯಾಂಟರ್ ಹೊಸ ವಿಧಾನ ತಂದರು. ಲೋಳೆಯಂಥ ಮಾಧ್ಯಮದಲ್ಲಿ ಡಿಎನ್‌ಎಯನ್ನು ಇಟ್ಟು, ವಿದ್ಯುತ್ತಿನ ದಿಕ್ಕನ್ನು ಆಗಾಗ ಬದಲಿಸುತ್ತಾ ಹೋದರೆ ಬಹಳ ಉದ್ದದ ತುಂಡುಗಳನ್ನೂ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಬಹುದು. ಅಲ್ಲಿಂದ ಮುಂದೆ ದೊಡ್ಡ ಪ್ಲಾಸ್ಮಿಡ್‌ಗಳ ನಿಜವಾದ ಅಳತೆ ಸಿಗತೊಡಗಿತು. 1991ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಫೋರ್ಡ್ ಡೂಲಿಟಲ್ ಅವರ ತಂಡ ಹ್ಯಾಲೋಫೆರಾಕ್ಸ್ ವೋಲ್ಕಾನಿಯೈ ಜೀವಿಯ ಡಿಎನ್‌ಎಯ ಪೂರ್ಣ ನಕ್ಷೆ ಹೊರತಂದಿತು. 2010ರಲ್ಲಿ ಪ್ರಕಟವಾದ ಅಕ್ಷರಾನುಕ್ರಮದ ಪ್ರಕಾರ ಆ ಜೀವಿಯ ವರ್ಣತಂತು 28 ಲಕ್ಷ ಜೋಡಿಗಳದು. ಜೊತೆಗಿರುವ ಪ್ಲಾಸ್ಮಿಡ್‌ಗಳ ಪೈಕಿ ಒಂದು ಸುಮಾರು 6 ಲಕ್ಷ 36 ಸಾವಿರ, ಇನ್ನೊಂದು 4 ಲಕ್ಷ 38 ಸಾವಿರ ಜೋಡಿಗಳದು.

ಹ್ಯಾಲೋಬ್ಯಾಕ್ಟೀರಿಯಂನ ಎನ್‌ಆರ್‌ಸಿ-1 ಎಂಬ ತಳಿಯಲ್ಲಿ ಎರಡು ದೊಡ್ಡ ಉಂಗುರಗಳಿವೆ. ಒಂದಕ್ಕೆ ಪಿಎನ್‌ಆರ್‌ಸಿ 100, ಇನ್ನೊಂದಕ್ಕೆ ಪಿಎನ್‌ಆರ್‌ಸಿ 200 ಎಂದು ಹೆಸರು. ಮೊದಲನೆಯದರ ಪೂರ್ಣ ಓದು 1998ರಲ್ಲಿ ಪ್ರಕಟವಾಯಿತು. ಅದನ್ನು ಬರೆದವರು ಪ್ರಬಂಧದ ಶೀರ್ಷಿಕೆಯಲ್ಲೇ ಒಂದು ಪ್ರಶ್ನೆ ಎತ್ತಿದರು: ಇದು ಮಹಾಪ್ಲಾಸ್ಮಿಡ್ಡೋ ಅಥವಾ ಕಿರುವರ್ಣತಂತುವೋ? 2000ದಲ್ಲಿ ಇಡೀ ಜೀವಿಯ ಓದು ಮುಗಿಯಿತು. ವರ್ಣತಂತು 20,14,239 ಜೋಡಿಗಳು, ಪಿಎನ್‌ಆರ್‌ಸಿ 200 ಎಂಬುದು 3,65,425, ಪಿಎನ್‌ಆರ್‌ಸಿ 100 ಎಂಬುದು 1,91,346. ಒಟ್ಟು ಡಿಎನ್‌ಎಯಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ಪ್ಲಾಸ್ಮಿಡ್‌ಗಳದೇ! ಪ್ರಯೋಗಾಲಯದ ಪಿಬಿಆರ್ 322ಕ್ಕೆ ಹೋಲಿಸಿದರೆ ದೊಡ್ಡ ಉಂಗುರ ಎಂಬತ್ತು ಪಟ್ಟಿಗಿಂತ ದೊಡ್ಡದು. ವರ್ಣತಂತುವಿನಲ್ಲಿ ಜಿ ಮತ್ತು ಸಿ ಅಕ್ಷರಗಳು ಶೇಕಡಾ 68ರಷ್ಟಿದ್ದರೆ ಈ ಉಂಗುರಗಳಲ್ಲಿ ಸುಮಾರು ಶೇಕಡಾ 58ರಷ್ಟು. 1963ರಲ್ಲಿ ಕೊಳವೆಯಲ್ಲಿ ಹಗುರವಾಗಿ ಮೇಲೆ ನಿಂತ ಪಟ್ಟೆಯ ಅರ್ಥ ಈಗ ಅಕ್ಷರಗಳಲ್ಲೇ ದೊರೆಯಿತು.

ಜಗಲಿಯ ಅತಿಥಿ

ಗಾತ್ರ ಒಂದೇ ಆಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಮುಖ್ಯ ಸಂಗತಿ ಉಂಗುರದೊಳಗಿನ ಬರಹದಲ್ಲಿತ್ತು.

ಪ್ರೋಟೀನು ತಯಾರಾಗಲು 20 ಬಗೆಯ ಅಮೈನೋ ಆಮ್ಲಗಳು ಬೇಕು. ಅವನ್ನು ಹೊತ್ತು ತರುವ ಚಿಕ್ಕ ಅಣುಗಳ ಹೆಸರು ಟಿ-ಆರ್‌ಎನ್‌ಎ. ಯಾವ ಆಮ್ಲವನ್ನು ಯಾವ ಹಮಾಲಿಯ ಹೆಗಲಿಗೆ ಏರಿಸಬೇಕು ಎಂದು ನೋಡಿಕೊಳ್ಳುವ ಕಿಣ್ವಗಳು ಬೇರೆ ಇವೆ. ಅರ್ಜಿನೀನ್ ಎಂಬ ಆಮ್ಲವನ್ನು ಏರಿಸುವ ಕಿಣ್ವ ಇಲ್ಲದಿದ್ದರೆ ಕೋಶದಲ್ಲಿ ಪ್ರೋಟೀನಿನ ತಯಾರಿಕೆಯೇ ನಿಲ್ಲುತ್ತದೆ. ಎನ್‌ಆರ್‌ಸಿ-1 ತಳಿಯಲ್ಲಿ ಈ ಕಿಣ್ವದ ವಂಶವಾಹಿ ಇರುವುದು ಒಂದೇ ಕಡೆ. ವರ್ಣತಂತುವಿನಲ್ಲಲ್ಲ, ಪಿಎನ್‌ಆರ್‌ಸಿ 200 ಉಂಗುರದಲ್ಲಿ! ಜೀವಿಗೆ ಅನಿವಾರ್ಯವೆಂದು ತೋರುವ ಸುಮಾರು 40 ವಂಶವಾಹಿಗಳು ಈ ಎರಡು ಉಂಗುರಗಳಲ್ಲಿವೆ ಎಂದು ಸಂಶೋಧಕರು ಪಟ್ಟಿ ಮಾಡಿದರು.

ಜಗಲಿಯಲ್ಲಿ ಕೂತ ಅತಿಥಿಯನ್ನು ‘ಇವತ್ತೋ ನಾಳೆಯೋ ಹೊರಡುವವರು’ ಎಂದು ಮನೆಯವರು ಭಾವಿಸಿದ್ದಾರೆ. ಆದರೆ ಒಳಗೆ ಹೋಗಿ ನೋಡಿದರೆ ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲೇ ಇದೆ. ಅವರು ಹೊರಟರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅಂಥವರನ್ನು ಅತಿಥಿ ಎನ್ನುವುದೇ, ಮನೆಯವರು ಎನ್ನುವುದೇ?

ಮೃತಸಮುದ್ರದ ಇನ್ನೊಂದು ಜೀವಿ ಹ್ಯಾಲೋಆರ್ಕುಲಾ ಮರಿಸ್ಮಾರ್ಟುಯಿ. ಇದರ ದೊಡ್ಡ ರೈಬೋಸೋಮ್ ಘಟಕದ ರಚನೆಯ ಅಧ್ಯಯನಕ್ಕೆ 2009ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಂದಿದೆ. ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರು ಬೇರೊಂದು ಜೀವಿಯ ಚಿಕ್ಕ ಘಟಕದ ಅಧ್ಯಯನಕ್ಕಾಗಿ ಅದೇ ಪ್ರಶಸ್ತಿಯನ್ನು ಹಂಚಿಕೊಂಡರು. ಹ್ಯಾಲೋಆರ್ಕುಲಾದ ಡಿಎನ್‌ಎಯನ್ನು 2004ರಲ್ಲಿ ಓದಿದಾಗ ಒಂಬತ್ತು ಉಂಗುರಗಳು ಕಂಡವು. ಅವುಗಳಲ್ಲಿ 2 ಲಕ್ಷ 88 ಸಾವಿರ ಜೋಡಿಗಳ ಒಂದನ್ನು ‘ಎರಡನೆಯ ವರ್ಣತಂತು’ ಎಂದು ಕರೆದರು. 4 ಲಕ್ಷ 10 ಸಾವಿರ ಜೋಡಿಗಳ ಇನ್ನೊಂದನ್ನು ‘ಪ್ಲಾಸ್ಮಿಡ್’ ಎಂದರು. ಚಿಕ್ಕದು ವರ್ಣತಂತು, ದೊಡ್ಡದು ಪ್ಲಾಸ್ಮಿಡ್! ಕಾರಣ, ಆ ಚಿಕ್ಕ ಉಂಗುರದಲ್ಲಿ ರೈಬೋಸೋಮ್ ತಯಾರಿಗೆ ಬೇಕಾದ ಆರ್‌ಎನ್‌ಎಯ ವಂಶವಾಹಿಗಳಿದ್ದವು. ಅಳತೆಯನ್ನು ಬಿಟ್ಟು ಕೆಲಸವನ್ನು ನೋಡಿ ಹೆಸರಿಟ್ಟದ್ದನ್ನು ಗಮನಿಸಿ.

ಒಂದೇ ಜೀವಿ, ಎರಡು ಪ್ರಯೋಗಾಲಯ

ಜರ್ಮನಿಯ ಮಾರ್ಟಿನ್ಸ್‌ರೀಡ್‌ನಲ್ಲಿ ಆರ್-1 ಎಂಬ ಹ್ಯಾಲೋಬ್ಯಾಕ್ಟೀರಿಯಂ ತಳಿಯನ್ನು ಬೆಳೆಸುತ್ತಿದ್ದರು. 2008ರಲ್ಲಿ ಅದರ ಓದನ್ನು ಎನ್‌ಆರ್‌ಸಿ-1 ಜೊತೆಗಿಟ್ಟು ನೋಡಿದಾಗ ವರ್ಣತಂತುಗಳು ಬಹುಮಟ್ಟಿಗೆ ಅಕ್ಷರಶಃ ಒಂದೇ ಆಗಿದ್ದವು. ಪ್ಲಾಸ್ಮಿಡ್‌ಗಳಾದರೋ ಸಂಖ್ಯೆಯಲ್ಲೂ ರಚನೆಯಲ್ಲೂ ಬೇರೆ: ಅಲ್ಲಿ ಎರಡು, ಇಲ್ಲಿ ನಾಲ್ಕು. ಎರಡೂ ತಳಿಗಳು ಪ್ರಕೃತಿಯಿಂದ ತಂದ ಒಂದೇ ಮೂಲದವು, ಬೇರೆ ಬೇರೆ ಪ್ರಯೋಗಾಲಯಗಳ ಸೀಸೆಗಳಲ್ಲಿ ಬೆಳೆಯುತ್ತಾ ಬೇರೆಯಾದವು ಎಂದು ಸಂಶೋಧಕರು ತೀರ್ಮಾನಿಸಿದರು. ವಿಕಾಸ ಎಂದರೆ ಕೋಟಿಗಟ್ಟಲೆ ವರ್ಷಗಳ ಮಾತು ಎಂದು ನಾವು ತಿಳಿಯುತ್ತೇವೆ. ಇಲ್ಲಿ ಅದು ಕೆಲವೇ ದಶಕಗಳಲ್ಲಿ, ವಿಜ್ಞಾನಿಗಳ ಕಪಾಟಿನಲ್ಲೇ ನಡೆದಿತ್ತು. ಇದರಿಂದ ಒಂದು ವ್ಯಾವಹಾರಿಕ ಪಾಠವೂ ಇದೆ. ಎರಡು ಪ್ರಯೋಗಾಲಯಗಳು ಸೀಸೆಯ ಮೇಲೆ ಒಂದೇ ಜೀವಿಯ ಹೆಸರು ಬರೆದಿದ್ದರೂ ಫಲಿತಾಂಶಗಳನ್ನು ಹೋಲಿಸುವಾಗ ತಳಿ ಯಾವುದೆಂದು ಕೇಳಲೇಬೇಕು.

ಪ್ಲಾಸ್ಮಿಡ್ ಮತ್ತು ವರ್ಣತಂತುಗಳ ನಡುವಿನ ಬೇಲಿ ಇನ್ನೂ ಸಡಿಲವಾಯಿತು. ಹ್ಯಾಲೋಫೆರಾಕ್ಸ್ ವೋಲ್ಕಾನಿಯೈ ಜೀವಿಯ ಪ್ರಯೋಗಾಲಯದ ತಳಿಯೊಂದರಲ್ಲಿ ಆ 6 ಲಕ್ಷ 36 ಸಾವಿರದ ಪ್ಲಾಸ್ಮಿಡ್ ವರ್ಣತಂತುವಿನೊಳಗೇ ಸೇರಿಹೋಗಿದೆ ಎಂದು 2013ರಲ್ಲಿ ವರದಿಯಾಯಿತು. 2018ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನ ತಂಡ ಇದಕ್ಕೆ ವಿರುದ್ಧವಾದುದನ್ನು ಕಂಡಿತು. ಒಂದು ದೊಡ್ಡ ಉಂಗುರ ತಾನಾಗಿಯೇ ಎರಡು ಉಂಗುರಗಳಾಗಿ ಒಡೆದು, ಎರಡರಲ್ಲೂ ಅನಿವಾರ್ಯ ವಂಶವಾಹಿಗಳು ಉಳಿದು, ಜೀವಿ ಬದುಕಿತ್ತು. ಅತಿಥಿ ಮನೆಯವನಾಗುವುದೂ ಉಂಟು, ಮನೆ ಪಾಲಾಗಿ ಎರಡು ಮನೆಯಾಗುವುದೂ ಉಂಟು. ಈ ನಡುವೆ, 2010ರಲ್ಲಿ, ಬ್ಯಾಕ್ಟೀರಿಯಾಗಳನ್ನು ಅಧ್ಯಯನ ಮಾಡುವ ಕೆಲವರು ಪೂರ್ತಿ ಪ್ಲಾಸ್ಮಿಡ್ಡೂ ಅಲ್ಲದ, ಪೂರ್ತಿ ವರ್ಣತಂತುವೂ ಅಲ್ಲದ ಇಂಥ ಉಂಗುರಗಳಿಗೆ ‘ಕ್ರೋಮಿಡ್’ ಎಂಬ ಹೊಸ ಹೆಸರನ್ನೇ ಸೂಚಿಸಿದರು.

ಪರೀಕ್ಷೆಯಲ್ಲಿ ಏನು ಬರೆಯಬೇಕು?

ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ಪುಸ್ತಕದ ವ್ಯಾಖ್ಯೆಯನ್ನು ಬರೆಯಿರಿ. ಅದು ಬಹುಪಾಲು ಪ್ಲಾಸ್ಮಿಡ್‌ಗಳಿಗೆ ಹೊಂದುತ್ತದೆ. ಆದರೆ ‘ಸಾಮಾನ್ಯವಾಗಿ’ ಎಂಬ ಒಂದು ಪದವನ್ನು ಮರೆಯದೆ ಸೇರಿಸಿ. ಆ ಪದದ ಹಿಂದೆ ಕೆಂಪಾದ ಮೀನಿನಿಂದ ಹಿಡಿದು ಒಡೆದ ವರ್ಣತಂತುವಿನವರೆಗೆ ಸುಮಾರು ನೂರು ವರ್ಷಗಳ ದುಡಿಮೆ ಇದೆ.

ಇನ್ನೊಂದು ಮಾತು. ಒಂದು ವಸ್ತು ‘ಹೆಚ್ಚುವರಿ’, ‘ಇಲ್ಲದಿದ್ದರೂ ನಡೆಯುತ್ತದೆ’ ಎಂಬುದು ಅದರ ಗಾತ್ರ, ಆಕಾರಗಳಿಂದ ತಿಳಿಯುವ ವಿಷಯವಲ್ಲ. ತೆಗೆದು ನೋಡಬೇಕು, ಅಥವಾ ಅದರೊಳಗೆ ಏನಿದೆ ಎಂದು ಓದಬೇಕು. 1963ರಲ್ಲಿ ಎರಡನೆಯ ಪಟ್ಟೆಯನ್ನು ಕಂಡವರು ಅದನ್ನು ಕಸವೆಂದು ಬಿಡದೆ ಬರೆದಿಟ್ಟರು. ಮುಂದಿನವರು ಅದರ ಬೆನ್ನು ಹತ್ತಿದರು. ಈ ಜೀವಿಗಳ ಅನೇಕ ಪ್ಲಾಸ್ಮಿಡ್ ವಂಶವಾಹಿಗಳ ಕೆಲಸ ಇನ್ನೂ ಗೊತ್ತಾಗಿಲ್ಲ. ಅವುಗಳಲ್ಲಿ ಯಾವುದು ಅತಿಥಿ, ಯಾವುದರ ಸೊಂಟದಲ್ಲಿ ಬೀಗದ ಕೈ ಇದೆ ಎಂದು ಒಂದೊಂದಾಗಿ ತೆಗೆದು ನೋಡುವ ಕೆಲಸ ಉಳಿದಿದೆ. ಜೀವಶಾಸ್ತ್ರ ಓದುತ್ತಿರುವ ನಿಮ್ಮಲ್ಲಿ ಕೆಲವರಾದರೂ ಆ ಕೆಲಸಕ್ಕೆ ಕೈ ಹಾಕುವಿರೆಂದು ಆಶಿಸುತ್ತೇನೆ.